ಕ್ಯಾಂಡಿಡಾ ಆರಿಸ್: ತಳಿವೈವಿಧ್ಯ ಮತ್ತು ವಿಕಾಸದ ಇತಿಹಾಸ

ಆಸ್ಪತ್ರೆಗಳಲ್ಲಿ, ಅದರಲ್ಲೂ ತೀವ್ರ ನಿಗಾ ಘಟಕಗಳಲ್ಲಿ ರೋಗಿಯಿಂದ ರೋಗಿಗೆ ಹರಡುವ ಯೀಸ್ಟ್. ಚರ್ಮದ ಮೇಲೆ ತಿಂಗಳುಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ರಕ್ತಕ್ಕಿಳಿದರೆ ಪ್ರಾಣಕ್ಕೇ ಸಂಚಕಾರ. 2009ರಲ್ಲಿ ಜಪಾನಿನ ಸಂಶೋಧಕರು ಟೋಕಿಯೊದಲ್ಲಿ 70 ವರ್ಷದ ಮಹಿಳೆಯೊಬ್ಬರ ಕಿವಿಯ ಸ್ರಾವದಲ್ಲಿ ಇದನ್ನು ಗುರುತಿಸಿ ಹೊಸ ಪ್ರಭೇದವೆಂದು ಸಾರಿದರು. ದಕ್ಷಿಣ ಕೊರಿಯಾದಲ್ಲಿ 1996ರಲ್ಲಿ ಮಗುವೊಂದರ ರಕ್ತದಿಂದ ಬೆಳೆಸಿ ಇಟ್ಟಿದ್ದ ಯೀಸ್ಟೂ ಇದೇ ಎಂದು ಆಮೇಲೆ ತಿಳಿಯಿತು. ಪ್ರಯೋಗಾಲಯದ ಯಂತ್ರಗಳು ಇದನ್ನು ಹತ್ತಿರದ ನೆಂಟ ಕ್ಯಾಂಡಿಡಾ ಹೀಮುಲೋನಿಯೈ ಎಂದೇ ವರದಿ ಮಾಡುತ್ತಿದ್ದುದರಿಂದ ಎಷ್ಟೋ ಪ್ರಕರಣಗಳು ಬೇರೆ ಹೆಸರಲ್ಲಿ ದಾಖಲಾದವು.

2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಯೀಸ್ಟಿನ ವಂಶವೃಕ್ಷವನ್ನು ಬಿಡಿಸಿತು. ಪಾಕಿಸ್ತಾನ, ಭಾರತ, ದಕ್ಷಿಣ ಆಫ್ರಿಕಾ ಮತ್ತು ವೆನೆಜುವೆಲಾದ 54 ರೋಗಿಗಳ ಮಾದರಿಗಳನ್ನು ಜಪಾನಿನ ಮೂಲ ಮಾದರಿಯೊಂದಿಗೆ ಹೋಲಿಸಿದಾಗ ನಾಲ್ಕು ಕವಲುಗಳು ಕಂಡವು: ದಕ್ಷಿಣ ಏಷ್ಯಾ, ಪೂರ್ವ ಏಷ್ಯಾ, ಆಫ್ರಿಕಾ, ದಕ್ಷಿಣ ಅಮೆರಿಕ. ಕವಲು ಕವಲಿಗೂ ಡಿಎನ್‌ಎಯಲ್ಲಿ ಹತ್ತಾರು ಸಾವಿರ ಅಕ್ಷರಗಳ ವ್ಯತ್ಯಾಸ. ಒಂದೇ ಕವಲಿನೊಳಗೆ ಮಾತ್ರ ಬಹುತೇಕ ಪಡಿಯಚ್ಚು. ಒಂದು ಊರಲ್ಲಿ ಹುಟ್ಟಿ ವಿಮಾನವೇರಿ ಲೋಕವೆಲ್ಲ ಸುತ್ತಿದ ಸೋಂಕಾಗಿದ್ದರೆ ಹೀಗಾಗುತ್ತಿರಲಿಲ್ಲ. ಬಹಳ ಹಿಂದೆಯೇ ಬೇರ್ಪಟ್ಟಿದ್ದ ಬಳಗಗಳು ದೂರದೂರದ ನಾಡುಗಳಲ್ಲಿ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ತಲೆಯೆತ್ತಿವೆ. 2020ರ ಜೀನೋಮ್ ಲೆಕ್ಕಾಚಾರವೊಂದರ ಪ್ರಕಾರ ನಾಲ್ಕರಲ್ಲಿ ಪ್ರತಿಯೊಂದು ಕವಲಿನೊಳಗಿನ ತಳಿಗಳ ಸಮಾನ ಪೂರ್ವಜ ಕಳೆದ 360 ವರ್ಷಗಳ ಒಳಗಿನದು. ಈಗ ಆಸ್ಪತ್ರೆಗಳಲ್ಲಿ ಹಬ್ಬಿರುವ ಗುಂಪುಗಳು ತಲೆಯೆತ್ತಿದ್ದು 1980ರ ದಶಕದಲ್ಲಿ.

ಕವಲುಗಳ ಸ್ವಭಾವವೂ ಒಂದೇ ಅಲ್ಲ. ಪೂರ್ವ ಏಷ್ಯಾದ್ದು ಹೆಚ್ಚಾಗಿ ಕಿವಿಗೆ ಅಂಟಿಕೊಳ್ಳುತ್ತದೆ, ಔಷಧಕ್ಕೂ ಸಾಮಾನ್ಯವಾಗಿ ಬಗ್ಗುತ್ತದೆ. ಉಳಿದವು ಹಾಗಲ್ಲ: 2017ರ ಅಧ್ಯಯನದ ಮಾದರಿಗಳಲ್ಲಿ ಶೇ. 93 ಫ್ಲುಕೊನಜೋಲಿಗೆ, ಶೇ. 35 ಆಂಫೊಟೆರಿಸಿನ್ ಬಿಗೆ ಜಗ್ಗಲಿಲ್ಲ. ಫ್ಲುಕೊನಜೋಲ್ ಗುರಿಯಿಡುವ ಕಿಣ್ವದ ಜೀನು ಇಆರ್‌ಜಿ11. ಅದರಲ್ಲಿನ ಉತ್ಪರಿವರ್ತನೆಗಳು ಕವಲಿನಿಂದ ಕವಲಿಗೆ ಬೇರೆಯಾಗಿದ್ದು, ಪ್ರತಿರೋಧ ಒಂದೇ ಸಲ ಹುಟ್ಟಿ ಹಂಚಿಹೋದದ್ದಲ್ಲ ಎಂಬುದಕ್ಕೆ ಸಾಕ್ಷಿಯಾಗಿವೆ. ಲೈಂಗಿಕವಾಗಿ ಕೂಡಲು ಬೇಕಾದ ಎರಡು ಬಗೆಗಳೂ ಕವಲುಗಳ ನಡುವೆ ಹಂಚಿಹೋಗಿವೆ. ದಕ್ಷಿಣ ಏಷ್ಯಾ, ದಕ್ಷಿಣ ಅಮೆರಿಕದವು ಒಂದು ಬಗೆ, ಪೂರ್ವ ಏಷ್ಯಾ, ಆಫ್ರಿಕಾದವು ಇನ್ನೊಂದು. ಕೀನ್ಯಾದಲ್ಲಿ ಎರಡೂ ಬಗೆಯವು ಸಿಕ್ಕಿರುವುದರಿಂದ, ಅವು ಪರಸ್ಪರ ಕೂಡಬಹುದೇ ಎಂದು ತಜ್ಞರ ಕಣ್ಣು ಅತ್ತ ನೆಟ್ಟಿದೆ.

ಆಸ್ಪತ್ರೆಗೆ ಬರುವ ಮುನ್ನ ಇದು ಎಲ್ಲಿತ್ತು? ದೆಹಲಿಯ ಸಂಶೋಧಕಿ ಅನುರಾಧಾ ಚೌಧರಿ ಅವರ ತಂಡ 2021ರಲ್ಲಿ ಅಂಡಮಾನಿನ ಉಪ್ಪುಜೌಗಿನಲ್ಲೂ ಮರಳ ಕಡಲತೀರದಲ್ಲೂ ಇದನ್ನು ಪತ್ತೆಹಚ್ಚಿತು. ಮನುಷ್ಯದೇಹದ ಹೊರಗೆ, ಪ್ರಕೃತಿಯಲ್ಲಿ ಇದು ಸಿಕ್ಕಿದ್ದು ಅದೇ ಮೊದಲು. ಜೌಗಿನ ಒಂದು ತಳಿ ಔಷಧಕ್ಕೆ ಮಣಿಯುವಂಥದು, ಹೆಚ್ಚಿನ ಉಷ್ಣತೆಯಲ್ಲಿ ನಿಧಾನವಾಗಿ ಬೆಳೆಯುವಂಥದು. ಭೂಮಿ ಬಿಸಿಯಾಗುತ್ತ ಬಂದಂತೆ ಈ ಯೀಸ್ಟ್ ಮನುಷ್ಯದೇಹದ ಬಿಸಿ ತಾಳುವುದನ್ನು ಕಲಿತಿತೇ ಎಂದು ಸೂಕ್ಷ್ಮಜೀವಿ ವಿಜ್ಞಾನಿ ಆರ್ಟುರೊ ಕಸಡೆವಾಲ್ ಮತ್ತು ಸಂಗಡಿಗರು 2019ರಲ್ಲಿ ಎತ್ತಿದ್ದ ಪ್ರಶ್ನೆಗೆ ಇದು ಬಲ ಕೊಟ್ಟಿತು, ಪುರಾವೆಯನ್ನಲ್ಲ. ನಾಲ್ಕು ಕಡೆ ಒಟ್ಟಿಗೆ ಎದ್ದುದಕ್ಕೆ ಶಿಲೀಂಧ್ರನಾಶಕಗಳ ಅತಿಬಳಕೆಯನ್ನೂ ಕೆಲವರು ದೂರುತ್ತಾರೆ.

ಇರಾನಿನ ರೋಗಿಯೊಬ್ಬರಲ್ಲಿ ಸಿಕ್ಕ ತಳಿ 2019ರಲ್ಲಿ ಐದನೆಯ ಕವಲಾಯಿತು. ಸಿಂಗಪುರದಿಂದ ಆರನೆಯದು ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆ 2022ರ ತನ್ನ ಶಿಲೀಂಧ್ರಗಳ ಪಟ್ಟಿಯಲ್ಲಿ ಇದನ್ನು ಅತಿಗಂಭೀರ ಗುಂಪಿಗೆ ಸೇರಿಸಿತು. ವರ್ಗೀಕರಣಕಾರರು 2024ರಲ್ಲಿ ಇದನ್ನು ಕ್ಯಾಂಡಿಡೊಜೈಮಾ ಎಂಬ ಹೊಸ ಕುಲಕ್ಕೆ ಸೇರಿಸಿದರೂ, ವಾರ್ಡುಗಳಲ್ಲಿ ಹಳೆಯ ಹೆಸರೇ ಓಡಾಡುತ್ತಿದೆ.