ಗುಜರಿ

ಗುಜರಿ (ನಾಮಪದ): ಬಳಸಿ ಬಿಟ್ಟ ಹಳೆಯ ಸಾಮಾನು, ಅದನ್ನು ಕೊಂಡು ಮಾರುವ ಜಾಗ.

ಇದರ ಬೇರು ಪಾರಸಿಯ ‘ಗುಜರ್’. ಹಾಗೆಂದರೆ ಹಾದುಹೋಗುವುದು, ದಾರಿ. ಹಿಂದುಸ್ತಾನಿಯಲ್ಲಿ ‘ಗುಜರಿ’ ಎಂದರೆ ಮಧ್ಯಾಹ್ನದ ಮೇಲೆ ದಾರಿಬದಿಯಲ್ಲಿ ಕೂಡುವ ಸಂತೆ. ಅಹಮದಾಬಾದಿನ ಸಾಬರಮತಿ ದಂಡೆಯಲ್ಲಿ ಭಾನುವಾರ ನಡೆಯುವ ಹಳೆಸಾಮಾನಿನ ಪೇಟೆಗೆ ಇಂದಿಗೂ ಗುಜರಿ ಬಜಾರ್ ಎಂಬ ಹೆಸರಿದೆ. ಕನ್ನಡದಲ್ಲಿ ಅರ್ಥ ಸಂತೆಯಿಂದ ಸರಕಿಗೆ ಜಾರಿತು.

ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪವಿರಲಿ, ಹುಣಸೂರಿರಲಿ, ಮುರಿದ ನೇಗಿಲ ಗುಳ, ತೂತುಬಿದ್ದ ಹಂಡೆ, ಕೆಟ್ಟ ಪಂಪ್‌ಸೆಟ್ಟು ಕೊನೆಗೆ ಸೇರುವುದು ಗುಜರಿ ಅಂಗಡಿಯನ್ನೇ. ಅಲ್ಲಿ ಕೊಳ್ಳುವುದು ತೂಕದ ಲೆಕ್ಕದಲ್ಲಿ. ಮಾರುವಾಗ ಮಾತ್ರ ಗಿರಾಕಿಯ ಅಗತ್ಯ ನೋಡಿ ಬೆಲೆ. ಆ ರಾಶಿ ಕೆದಕಿ ತನ್ನ ಗಾಡಿಗೆ ಹೊಂದುವ ಬಿಡಿಭಾಗ ಹೆಕ್ಕುವವನಿಗೆ ಕಣ್ಣೂ ಬೇಕು, ಚೌಕಾಸಿಯೂ ಗೊತ್ತಿರಬೇಕು.

ಬಳಕೆ: ‘ಸ್ಕೂಟರನ್ನು ಗುಜರಿಗೆ ಹಾಕಿದ’, ‘ಗುಜರಿ ರೇಟಿಗೆ ಕೊಟ್ಟ’. ಬೈಗುಳವಾಗಿ ‘ಗುಜರಿ ಗಾಡಿ’. 2021ರಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳ ವಿಲೇವಾರಿಗೆ ನೀತಿ ತಂದಾಗ ಕನ್ನಡ ಪತ್ರಿಕೆಗಳು ಅದನ್ನು ‘ಗುಜರಿ ನೀತಿ’ ಎಂದೇ ಕರೆದವು. ಬೀದಿಯ ಮಾತು ಆಡಳಿತದ ಸುದ್ದಿಗೂ ಒದಗಿತು.