ನಸುಗುನ್ನಿ ಬೀಜ ಮತ್ತು ಪಾರ್ಕಿನ್ಸನ್ ಚಿಕಿತ್ಸೆ: ಮೂರು ಹೇಳಿಕೆಗಳ ಪರಿಶೀಲನೆ

1. ವ್ಯಾಪ್ತಿ

ಪಾರ್ಕಿನ್ಸನ್ ಕಾಯಿಲೆಗೆ ನಸುಗುನ್ನಿ (ಸಂಸ್ಕೃತದಲ್ಲಿ ಕಪಿಕಚ್ಛು, ಆತ್ಮಗುಪ್ತಾ, ಸಸ್ಯಶಾಸ್ತ್ರದಲ್ಲಿ ಮ್ಯುಕುನಾ ಪ್ರುರಿಯೆನ್ಸ್) ಬಳಸುವ ಕುರಿತ ಬರಹಗಳಲ್ಲಿ ಮೂರು ಹೇಳಿಕೆಗಳು ಬೆರೆತುಹೋಗಿವೆ: ಪ್ರಾಚೀನ ವೈದ್ಯಗ್ರಂಥಗಳಿಗೆ ಈ ಕಾಯಿಲೆಯ ಪರಿಚಯವಿತ್ತು, ಬೀಜದಲ್ಲಿ ಲೆವೊಡೋಪಾ (ಮಿದುಳಿನಲ್ಲಿ ಡೋಪಮೈನ್ ಎಂಬ ಸಂದೇಶವಾಹಕವಾಗಿ ಪರಿವರ್ತನೆಯಾಗುವ, ಈ ಕಾಯಿಲೆಗೆ ಕೊಡುವ ಔಷಧ) ಇದೆ, ಬೀಜದ ಪುಡಿ ಲೆವೊಡೋಪಾ ಮಾತ್ರೆಗೆ ಸಮನಾದುದು. ಇವುಗಳ ಆಧಾರಗಳು ಬೇರೆ ಬೇರೆ, ಬಲವೂ ಸಮಾನವಲ್ಲ.

2. ಗ್ರಂಥಾಧಾರ

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಎಣಿಸಿರುವ 80 ವಾತವಿಕಾರಗಳಲ್ಲಿ 'ವೇಪಥು' (ನಡುಕ) ಸೇರಿದೆ. ನಡುಕವು ಲಕ್ಷಣ, ಅದರಿಂದ ರೋಗವನ್ನು ಗುರುತಿಸಲು ಚಲನಮಾಂದ್ಯ ಮತ್ತು ಸ್ನಾಯುಬಿಗಿತದ ವಿವರಣೆಯೂ ಒಟ್ಟಿಗೆ ದೊರೆಯಬೇಕು. ಅದೇ ಸಂಹಿತೆಯಲ್ಲಿ ಆತ್ಮಗುಪ್ತಾ ವಾಜೀಕರಣ (ಲೈಂಗಿಕಶಕ್ತಿವರ್ಧಕ) ಯೋಗಗಳಲ್ಲಿ ಬರುತ್ತದೆ. ನಡುಕದ ಉಲ್ಲೇಖ ಮತ್ತು ಬೀಜದ ಉಲ್ಲೇಖ ಒಂದೇ ಗ್ರಂಥದಲ್ಲಿರುವುದು ಇವೆರಡರ ನಡುವೆ ಚಿಕಿತ್ಸಾಸಂಬಂಧವಿತ್ತು ಎಂಬುದಕ್ಕೆ ಪುರಾವೆಯಾಗದು. ಜೇಮ್ಸ್ ಪಾರ್ಕಿನ್ಸನ್ 1817ರ ಪ್ರಬಂಧದಲ್ಲಿ ಆರು ಪ್ರಕರಣಗಳನ್ನು ಆಧರಿಸಿ ಲಕ್ಷಣಸಮೂಹವೊಂದನ್ನು ವಿವರಿಸಿದರು. ಹೋಲಿಕೆ ನಡೆಯಬೇಕಾದದ್ದು ಆ ಮಟ್ಟದ ವಿವರಣೆಯೊಂದಿಗೆ.

3. ರಾಸಾಯನಿಕ ಆಧಾರ

ಲೆವೊಡೋಪಾ ಮೊದಲು ಪ್ರತ್ಯೇಕಗೊಂಡದ್ದು ನಸುಗುನ್ನಿಯಿಂದ ಎಂಬ ಮಾತು ಕೆಲವೆಡೆ ಕಾಣುತ್ತದೆ. ಇದು ಸರಿಯಲ್ಲ. 1913ರಲ್ಲಿ ಮಾರ್ಕಸ್ ಗುಗ್ಗೆನ್‌ಹೈಮ್ ಅದನ್ನು ವಿಸಿಯಾ ಫಾಬಾ ಎಂಬ ದ್ವಿದಳ ಸಸ್ಯದಿಂದ ಪಡೆದಿದ್ದರು. ನಸುಗುನ್ನಿ ಬೀಜದಿಂದ ಪ್ರತ್ಯೇಕಿಸಿದವರು ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ, ವರದಿ 1937ರದು.

ಈ 1937ರ ಶೋಧವನ್ನು ಪಾರ್ಕಿನ್ಸನ್ ಚಿಕಿತ್ಸೆಯ ಮುನ್ಸೂಚನೆಯೆಂದು ಓದುವುದು ಕಾಲಕ್ರಮಕ್ಕೆ ಹೊಂದುವುದಿಲ್ಲ. ರೋಗಿಗಳ ಮಿದುಳಿನಲ್ಲಿ ಡೋಪಮೈನ್ ಕೊರತೆಯನ್ನು ಎರಿಂಗರ್ ಮತ್ತು ಹಾರ್ನಿಕೀವಿಚ್ ತೋರಿಸಿದ್ದು 1960ರಲ್ಲಿ. ಲೆವೊಡೋಪಾವನ್ನು ರಕ್ತನಾಳದ ಮೂಲಕ ಕೊಟ್ಟ ಬಿರ್ಕ್‌ಮೇಯರ್ ಮತ್ತು ಹಾರ್ನಿಕೀವಿಚ್ ಅವರ ವರದಿ 1961ರದು.

4. ಚಿಕಿತ್ಸಾ ಅಧ್ಯಯನಗಳು

4.1. ನಸುಗುನ್ನಿ ಬೀಜದಿಂದ ತಯಾರಿಸಿದ ಎಚ್‌ಪಿ-200 ಪುಡಿಯ ಕುರಿತು 1995ರಲ್ಲಿ ಪ್ರಕಟವಾದ ಬಹುಕೇಂದ್ರ ಅಧ್ಯಯನದಲ್ಲಿ 60 ರೋಗಿಗಳಿದ್ದರು. ಅವಧಿ 12 ವಾರ. ಸುಧಾರಣೆ ದಾಖಲಾಗಿದೆ. ಆದರೆ ಹೋಲಿಕೆ ಗುಂಪು ಇರಲಿಲ್ಲ. ಆದ್ದರಿಂದ ಔಷಧದ ಪರಿಣಾಮವನ್ನು ನಿರೀಕ್ಷೆಯ ಪರಿಣಾಮದಿಂದ ಬೇರ್ಪಡಿಸಲಾಗದು.

4.2. ನಾಗಶಯನ ಮತ್ತು ಸಹಲೇಖಕರ ವರದಿಯಲ್ಲಿ (2000, 18 ರೋಗಿಗಳು) ಕೊಟ್ಟದ್ದು ನಸುಗುನ್ನಿಯೊಂದನ್ನೇ ಅಲ್ಲ. ಹಾಲಿನಲ್ಲಿ ಸಿದ್ಧಪಡಿಸಿದ ಮಿಶ್ರಣದಲ್ಲಿ ಅಶ್ವಗಂಧ, ಬಲಾ ಬೇರುಗಳ ಜೊತೆಗೆ ಹಯೋಸಯಾಮಸ್ ಕುಲದ ಬೀಜವೂ ಇತ್ತು. ಈ ಕುಲದ ಆಲ್ಕಲಾಯ್ಡ್‌ಗಳು ಅಸಿಟೈಲ್‌ಕೋಲಿನ್ ಕ್ರಿಯೆಯನ್ನು ತಡೆಯುತ್ತವೆ. ನಡುಕಕ್ಕೆ ಅಂಥ ಔಷಧಗಳ ಬಳಕೆ ಲೆವೊಡೋಪಾಗಿಂತ ಹಳೆಯದು. ಆದ್ದರಿಂದ ಅಲ್ಲಿ ಕಂಡ ಸುಧಾರಣೆ ನಸುಗುನ್ನಿಯೊಂದರದೇ ಎನ್ನಲಾಗದು.

4.3. ಲಂಡನ್ನಿನ 2004ರ ಅಧ್ಯಯನ ಉಭಯಾಂಧ (ಯಾವುದನ್ನು ಕೊಡಲಾಗಿದೆ ಎಂಬುದು ರೋಗಿಗೂ ಪರೀಕ್ಷಕರಿಗೂ ತಿಳಿಯದ) ಸ್ವರೂಪದ್ದು. ರೋಗಿಗಳು ಎಂಟು ಮಂದಿ. 30 ಗ್ರಾಂ ಪುಡಿಯ ಪರಿಣಾಮ ಸರಾಸರಿ 34.6 ನಿಮಿಷಕ್ಕೆ, ಮಾತ್ರೆಯದು (200 ಮಿ.ಗ್ರಾಂ ಲೆವೊಡೋಪಾ, 50 ಮಿ.ಗ್ರಾಂ ಕಾರ್ಬಿಡೋಪಾ) 68.5 ನಿಮಿಷಕ್ಕೆ ಕಂಡಿತು. ಮಾಪನ ಒಂದೊಂದು ಡೋಸಿನದು. ದೀರ್ಘಬಳಕೆಗೆ ಅನ್ವಯಿಸುವುದು ಕಷ್ಟ.

4.4. ಸಿಲಿಯಾ ಮತ್ತು ಸಹಲೇಖಕರ 2018ರ ಅಧ್ಯಯನ 16 ವಾರಗಳದು; 14 ರೋಗಿಗಳಿಗೆ ಪುಡಿ ಮತ್ತು ಮಾತ್ರೆಯನ್ನು ಬೇರೆಬೇರೆ ಹಂತಗಳಲ್ಲಿ ಕೊಡಲಾಯಿತು. ಪುಡಿಯ ಹಂತದಲ್ಲಿ ಏಳು ಮಂದಿ ಮಧ್ಯದಲ್ಲೇ ನಿಲ್ಲಿಸಿದರು: ನಾಲ್ವರು ಜಠರ-ಕರುಳಿನ ತೊಂದರೆಯಿಂದ, ಮೂವರು ಚಲನೆ ಹದಗೆಟ್ಟು. ಮಾತ್ರೆಯ ಹಂತದಲ್ಲಿ ಯಾರೂ ನಿಲ್ಲಿಸಲಿಲ್ಲ.

5. ಪ್ರಮಾಣದ ಲೆಕ್ಕ

ಲಂಡನ್ ಅಧ್ಯಯನದ 30 ಗ್ರಾಂ ಪುಡಿಯಲ್ಲಿದ್ದ ಲೆವೊಡೋಪಾ ಸುಮಾರು 1000 ಮಿ.ಗ್ರಾಂ; ಎದುರಿಗಿದ್ದ ಮಾತ್ರೆಯಲ್ಲಿ 200. ಅನುಪಾತ 5:1. ಸಿಲಿಯಾ ತಂಡವೇ ಬೊಲಿವಿಯಾದಲ್ಲಿ ನಡೆಸಿದ, 2017ರಲ್ಲಿ ಪ್ರಕಟವಾದ ಅಧ್ಯಯನದ ಹೆಚ್ಚಿನ ಡೋಸೂ ಇದೇ ಅನುಪಾತದ್ದು: ದೇಹತೂಕದ ಪ್ರತಿ ಕಿಲೋಗೆ 17.5 ಮಿ.ಗ್ರಾಂಗೆ ಎದುರಾಗಿ 3.5. ಈ ಅಂತರಕ್ಕೆ ಕಾರಣವಿದೆ: ಮಾತ್ರೆಯಲ್ಲಿ ಜೊತೆಗಿರುವ ತಡೆಕಾರಕ (ಕಾರ್ಬಿಡೋಪಾ ಅಥವಾ ಬೆನ್ಸೆರಜೈಡ್) ಇಲ್ಲದಿದ್ದಾಗ ಲೆವೊಡೋಪಾದ ಬಹುಭಾಗ ಮಿದುಳು ಸೇರುವ ಮೊದಲೇ ಡೋಪಮೈನ್ ಆಗಿ ಪರಿವರ್ತನೆಯಾಗುತ್ತದೆ. ವಾಕರಿಕೆಗೂ ರಕ್ತದೊತ್ತಡ ಇಳಿಯುವುದಕ್ಕೂ ಇದು ಕಾರಣವಾಗಬಲ್ಲದು.

ಈ ಅನುಪಾತವನ್ನು 4.2ಕ್ಕೆ ಅನ್ವಯಿಸಬಹುದಾದರೆ, ಅಲ್ಲಿ ಪ್ರತಿ ಡೋಸಿನಲ್ಲಿ ಕಂಡುಬಂದ ಸುಮಾರು 200 ಮಿ.ಗ್ರಾಂ ಲೆವೊಡೋಪಾ, ಕಾರ್ಬಿಡೋಪಾದೊಡನೆ ಕೊಡುವ ಲೆವೊಡೋಪಾದ ಸುಮಾರು 40 ಮಿ.ಗ್ರಾಂಗೆ ಸಮ. ಸುಧಾರಣೆಯನ್ನು ಲೆವೊಡೋಪಾ ಒಂದಕ್ಕೇ ಆರೋಪಿಸಲು ಈ ಮೊತ್ತ ಚಿಕ್ಕದು ಎನಿಸುತ್ತದೆ. ಇದು ಅಂದಾಜು ಮಾತ್ರ.

6. ಬಳಕೆದಾರರಿಗೆ ಅನ್ವಯಿಸುವ ಅಂಶಗಳು

(ಅ) ಪುಡಿಯ ಸಾಂದ್ರತೆ ಸ್ಥಿರವಲ್ಲ. ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ 16 ನಸುಗುನ್ನಿ ಉತ್ಪನ್ನಗಳ 2022ರ ವಿಶ್ಲೇಷಣೆಯಲ್ಲಿ, ಸೂಚಿತ ಸೇವನೆಯೊಂದರಲ್ಲಿದ್ದ ಲೆವೊಡೋಪಾ 2ರಿಂದ 241 ಮಿ.ಗ್ರಾಂವರೆಗೆ ವ್ಯತ್ಯಾಸವಾಗಿತ್ತು.

(ಆ) ಮಾತ್ರೆ ನುಂಗುತ್ತಿರುವವರು ಪುಡಿಯನ್ನೂ ಸೇವಿಸಿದರೆ ಒಂದೇ ಔಷಧದ ಎರಡು ಮೂಲಗಳು ಕೂಡುತ್ತವೆ. ಅನೈಚ್ಛಿಕ ಚಲನೆ ಹೆಚ್ಚಾದಾಗ ಕಾರಣ ಪತ್ತೆ ಕಷ್ಟವಾಗುತ್ತದೆ. ಪುಡಿಯ ವಿಷಯ ನರರೋಗತಜ್ಞರಿಗೆ ತಿಳಿದಿರುವುದು ಅಗತ್ಯ.

(ಇ) ಪುಡಿಯನ್ನು ನಂಬಿ ಮಾತ್ರೆಯನ್ನು ಥಟ್ಟನೆ ನಿಲ್ಲಿಸುವುದು ಅಪಾಯಕಾರಿ. ತೀವ್ರ ಬಿಗಿತ, ಜ್ವರ ಮತ್ತು ಪ್ರಜ್ಞೆಯ ಏರುಪೇರು ಉಂಟಾಗಬಹುದು.

(ಈ) ಆಹಾರದ ಪ್ರೋಟೀನಿನ ಅಮೈನೋ ಆಮ್ಲಗಳು ಹೀರಿಕೆಯಲ್ಲಿ ಲೆವೊಡೋಪಾದೊಂದಿಗೆ ಸ್ಪರ್ಧಿಸುತ್ತವೆ. ಆದ್ದರಿಂದ ಹಾಲಿನಲ್ಲಿ ಕೊಟ್ಟ ಮತ್ತು ನೀರಿನಲ್ಲಿ ಕೊಟ್ಟ ಪುಡಿಯ ಫಲಿತಾಂಶಗಳನ್ನು ನೇರವಾಗಿ ಹೋಲಿಸಬಾರದು.

7. ನಿರ್ಣಯ

ಎರಡನೆಯ ಹೇಳಿಕೆ ದೃಢಪಟ್ಟಿದೆ. ಮೊದಲನೆಯದು, ಪರಿಶೀಲಿಸಿದ ಆಧಾರದ ಮಟ್ಟಿಗೆ, ಲಕ್ಷಣದ ಉಲ್ಲೇಖಕ್ಕಿಂತ ಮುಂದೆ ಹೋಗದು. ಮೂರನೆಯದಕ್ಕೆ ಒಂದೊಂದು ಡೋಸಿನ ಮಟ್ಟದಲ್ಲಿ ಸೀಮಿತ ಬೆಂಬಲವಿದೆ. 16 ವಾರಗಳ ಸಣ್ಣ ಅಧ್ಯಯನದಲ್ಲಿ ಆ ಬೆಂಬಲ ಉಳಿಯಲಿಲ್ಲ. ಮೂರನ್ನೂ ಬೇರೆಬೇರೆಯಾಗಿ ಉಲ್ಲೇಖಿಸುವುದು ಸೂಕ್ತ.