ಪ್ರಾಚೀನ ರೋಮಿನ ಮನೆಹಬ್ಬಗಳು

ಕ್ರಿ. ಶ. 392ನೆಯ ನವೆಂಬರ್ 8ರಂದು ಚಕ್ರವರ್ತಿ ಥಿಯೊಡೋಸಿಯಸನು ತನ್ನ ಮಹಾಧಿಕಾರಿ ರೂಫಿನಸನ ಹೆಸರಿಗೆ ಒಂದು ಶಾಸನವನ್ನು ಹೊರಡಿಸಿದನು. ದೇವಾಲಯಗಳಲ್ಲಿ ಬಲಿಯರ್ಪಣೆಯು ಅದರ ಹಿಂದಿನ ವರ್ಷವೇ ನಿಷಿದ್ಧವಾಗಿತ್ತು. ಹೊಸ ಶಾಸನವು ಗೃಹಸ್ಥನ ಹೊಸ್ತಿಲನ್ನು ದಾಟಿತು. ಯಾವ ಅಂತಸ್ತಿನವನೇ ಆಗಲಿ, ಯಾವ ಊರಿನವನೇ ಆಗಲಿ, ತನ್ನ ಮನೆಯನ್ನು ಕಾಯುವ ‘ಲಾರ್’ ದೇವತೆಗೆ ಅಗ್ನಿಯನ್ನೂ, ಕುಲದ ಜೀವಶಕ್ತಿಯಾದ ‘ಜೀನಿಯಸ್’ಗೆ ದ್ರಾಕ್ಷಾರಸವನ್ನೂ, ಉಗ್ರಾಣದ ‘ಪೆನಾಟೀಸ್’ಗಳಿಗೆ ಸುಗಂಧವನ್ನೂ ಅರ್ಪಿಸಕೂಡದು; ದೀಪ ಹಚ್ಚಕೂಡದು, ಧೂಪವಿಡಕೂಡದು, ಹೂಮಾಲೆ ತೂಗಕೂಡದು. ಧೂಪದ ಹೊಗೆಯೆದ್ದ ಮನೆಯು ಪೂಜಿಸಿದವನದೇ ಆಗಿದ್ದಲ್ಲಿ ಬೊಕ್ಕಸಕ್ಕೆ ಸೇರತಕ್ಕದ್ದು. ಪರರ ಮನೆಯಲ್ಲಿ ಒಡೆಯನಿಗೆ ತಿಳಿಯದಂತೆ ಬಲಿಯರ್ಪಿಸಿದವನಿಗೆ 25 ಪೌಂಡು ಚಿನ್ನ ದಂಡ. ಪೌಂಡಿಗೆ 72 ‘ಸಾಲಿಡಸ್’ಗಳಂತೆ ಎಣಿಸಿದರೆ ಇದು 1,800 ಚಿನ್ನದ ನಾಣ್ಯಗಳಾಗುತ್ತದೆ, ಇಂದಿನ ತೂಕದಲ್ಲಿ ಸುಮಾರು 8 ಕಿಲೋಗ್ರಾಂ. ಅಷ್ಟು ದೊಡ್ಡ ಸಾಮ್ರಾಜ್ಯದ ಒಡೆಯನು ಅಡುಗೆಮನೆಯ ಒಂದು ಬತ್ತಿಗೆ ಇಷ್ಟು ಅಂಜಿದುದೇಕೆ?

ಉತ್ತರಕ್ಕೆ ಮೊದಲು ಆ ಮನೆಯನ್ನೇ ನೋಡಬೇಕು. ಕ್ರಿ. ಶ. 79ರಲ್ಲಿ ವೆಸೂವಿಯಸ್ ಪರ್ವತದ ಬೂದಿಯಡಿ ಹುದುಗಿಹೋದ ಪಾಂಪೆ ನಗರದ ಮನೆಗಳಲ್ಲಿ ದೇವರ ಗೂಡುಗಳು ಇಂದಿಗೂ ಕಾಣಸಿಗುತ್ತವೆ. ಹಲವು ಅಡುಗೆಮನೆಯ ಒಲೆಯ ಬಳಿಯಲ್ಲೇ ಇವೆ. ವೆಟ್ಟಿಯರ ಮನೆಯೆಂದು ಹೆಸರಾದ ಭವನದ ಗೂಡಿನಲ್ಲಿ, ಪಾನಪಾತ್ರೆ ಹಿಡಿದು ಕುಣಿಯುವ ಇಬ್ಬರು ಲಾರ್‌ಗಳ ನಡುವೆ ಮುಸುಕು ಹೊದ್ದ ಜೀನಿಯಸ್ ನಿಂತಿದ್ದಾನೆ; ಕೆಳಗೆ ಒಂದು ಸರ್ಪ. ಇಲ್ಲಿ ಪುರೋಹಿತನಿಗೆ ಕೆಲಸವಿರಲಿಲ್ಲ. ಯಜಮಾನನೇ ಅರ್ಚಕ. ಆದರೆ ನಿತ್ಯದ ಕೈಂಕರ್ಯ ಯಾರದೆಂಬುದನ್ನು ತಿಳಿಯಲು ಕ್ರಿ. ಪೂ. ಎರಡನೆಯ ಶತಮಾನದ ಕೇಟೋ ಬರೆದ ಕೃಷಿಗ್ರಂಥವನ್ನು ತೆರೆಯಬೇಕು. ಹೊಲಮನೆಯ ಮೇಲ್ವಿಚಾರಕನ ಹೆಂಡತಿ ಪ್ರತಿ ರಾತ್ರಿ ಮಲಗುವ ಮುನ್ನ ಒಲೆಯ ಸುತ್ತ ಗುಡಿಸಬೇಕು. ತಿಂಗಳ ಮೊದಲ ದಿನ, ಇನ್ನೆರಡು ಗೊತ್ತಾದ ದಿನಗಳು ಹಾಗೂ ಹಬ್ಬಗಳಂದು ಒಲೆಯ ಮೇಲೆ ಮಾಲೆ ತೂಗಿ ಮನೆಯ ಲಾರ್‌ನಲ್ಲಿ ಸಮೃದ್ಧಿಯನ್ನು ಬೇಡಬೇಕು. ಅಪ್ಪಣೆಯಿಲ್ಲದೆ ಬೇರಾವ ಪೂಜೆಯನ್ನೂ ಆಕೆ ಮಾಡಬಾರದೆಂದು ಲೆಕ್ಕಾಚಾರದ ಮನುಷ್ಯನಾದ ಕೇಟೋ ಎಚ್ಚರಿಸುತ್ತಾನೆ. ಇಂಥ ಹೆಂಗಸು ಸಾಮಾನ್ಯವಾಗಿ ಗುಲಾಮಳೇ. ಮನೆದೇವರಿಗೆ ಮಾಲೆ ತೂಗುವ ಕೈ ಸ್ವತಂತ್ರವಲ್ಲದ ಕೈ ಎಂಬುದನ್ನು ಮರೆತು ಈ ಹಬ್ಬಗಳನ್ನು ಕೊಂಡಾಡುವುದು ಉಚಿತವಲ್ಲ.

ಋತುಚಕ್ರಕ್ಕೆ ಹೊಂದಿಕೊಂಡ ಮನೆಹಬ್ಬಗಳಲ್ಲಿ ಹೆಚ್ಚು ಪ್ರಸಿದ್ಧವಾದುದು ಡಿಸೆಂಬರ್ 17ರಂದು ಮೊದಲಾಗುತ್ತಿದ್ದ ಸಾಟರ್ನೇಲಿಯ. ಪೇಟೆಯ ಮಂದಿರದಲ್ಲಿ ಬಲಿ ಮುಗಿದ ಮೇಲೆ ಹಬ್ಬವು ಮನೆಗಳನ್ನು ಹೊಕ್ಕು ಹಲವು ದಿನ ನಡೆಯುತ್ತಿತ್ತು. ಮೇಣದ ಬತ್ತಿಗಳ, ಮಣ್ಣಿನ ಗೊಂಬೆಗಳ ಉಡುಗೊರೆ. ಬಿಗಿಯಾದ ಟೋಗಾ ಬದಲು ಸಡಿಲ ಉಡುಪು. ಗುಲಾಮರಿಗೆ ಒಡೆಯರೊಡನೆ, ಕೆಲವೆಡೆ ಒಡೆಯರಿಗಿಂತ ಮೊದಲು, ಊಟ. ಕಿರಿಯ ಪ್ಲಿನಿಯು ಮಾತ್ರ ಈ ಗಲಾಟೆಯನ್ನು ತಾಳದೆ ತನ್ನ ಕಡಲತೀರದ ಮನೆಯ ಒಂದು ಮೂಲೆಯ ಕೋಣೆಗೆ ಸರಿದು ಓದಿನಲ್ಲಿ ತೊಡಗುತ್ತಿದ್ದನಂತೆ. ಅದೂ ಒಂದು ಆಚರಣೆಯೇ. ಕೃಷಿವರ್ಷದ ಕೊನೆಗೆ ಕವಲುದಾರಿಗಳಲ್ಲಿ ನಡೆಯುತ್ತಿದ್ದ ಕಂಪಿಟೇಲಿಯ ಹಬ್ಬದಂದು, ಮನೆಯ ಪ್ರತಿಯೊಬ್ಬ ಸ್ವತಂತ್ರನಿಗೆ ಒಂದರಂತೆ ಉಣ್ಣೆಯ ಗೊಂಬೆಯನ್ನೂ ಪ್ರತಿಯೊಬ್ಬ ಗುಲಾಮನಿಗೆ ಒಂದರಂತೆ ಉಣ್ಣೆಯ ಚೆಂಡನ್ನೂ ತೂಗಿಡುತ್ತಿದ್ದರು. ಚೆಂಡಿಗೆ ಮುಖವಿಲ್ಲ. ಫೆಬ್ರುವರಿ 13ರಿಂದ 21ರವರೆಗೆ ಪಿತೃಗಳ ದಿನಗಳು. 22ರಂದು ‘ಕಾರಿಸ್ಟಿಯ’, ಬದುಕಿರುವ ಬಂಧುಗಳು ಮಾತ್ರವೇ ಕಲೆತು, ಮನಸ್ತಾಪಗಳನ್ನು ತೊರೆದು ಉಣ್ಣುವ ದಿನ.

ಇವರನ್ನು ‘ಪೇಗನ್’ ಎಂದು ಕರೆದವರು ಅವರ ಎದುರಾಳಿಗಳು. ‘ಪೇಗಸ್’ ಎಂದರೆ ಗ್ರಾಮಪ್ರದೇಶ. ತಮ್ಮದು ಒಂದು ‘ಮತ’ವೆಂಬ ಭಾವನೆಯೇ ಒಲೆಗೆ ಮಾಲೆ ತೂಗಿದವರಿಗೆ ಪ್ರಾಯಶಃ ಇರಲಿಲ್ಲ. ಶಾಸನ ಸೋತುದು ಇಲ್ಲಿಯೇ ಎನ್ನಬೇಕಾಗುತ್ತದೆ. ಮಂದಿರಕ್ಕೆ ಬಾಗಿಲುಂಟು, ಅದಕ್ಕೆ ಬೀಗ ಹಾಕಬಹುದು. ಅರ್ಚಕನಿಗೆ ವೇತನವುಂಟು, ಅದನ್ನು ನಿಲ್ಲಿಸಬಹುದು. ಗ್ರಂಥವೂ ಸಂಬಳವೂ ಸಂಘವೂ ಇಲ್ಲದ ಆಚರಣೆಯನ್ನು ಹಿಡಿಯುವುದು ಎಲ್ಲಿ?

ಮುಂದಿನ ಶತಮಾನಗಳ ಸಾಕ್ಷ್ಯವು ವಿಚಿತ್ರವಾದುದು. ಅದು ಬಹುಮಟ್ಟಿಗೆ ನಿಷೇಧಿಸಿದವರ ಲೇಖನಿಯಿಂದಲೇ ದೊರೆಯುತ್ತದೆ. ಫೆಬ್ರುವರಿ 22ನೆಯ ದಿನವನ್ನು ಚರ್ಚು ಸಂತ ಪೀಟರನ ಪೀಠದ ಉತ್ಸವಕ್ಕೆ ಮೀಸಲಿಟ್ಟಿತು. 567ರಲ್ಲಿ ಫ್ರಾನ್ಸಿನ ತೂರ್ ನಗರದಲ್ಲಿ ಸೇರಿದ ಧರ್ಮಸಭೆಯು, ಜನರು ಅದೇ ಉತ್ಸವದಂದು ಸತ್ತವರಿಗೆ ಎಡೆಯಿಡುತ್ತಾರೆ, ಪೂಜೆ ಮುಗಿಸಿ ಮನೆಗೆ ಮರಳಿ ಹಳೆಯ ತಪ್ಪುಗಳಿಗೆ ಹೊರಳುತ್ತಾರೆ ಎಂದು ಮರುಗಿತು. ಹೆಸರು ಹೊಸತು, ಅನ್ನ ಹಳತು. ಕೆಲವೇ ವರ್ಷಗಳ ತರುವಾಯ, ಇಂದಿನ ಪೋರ್ಚುಗಲ್ಲಿನ ಬ್ರಾಗ ಪಟ್ಟಣದ ಬಿಷಪ್ ಮಾರ್ಟಿನನು ಹಳ್ಳಿಗರನ್ನು ತಿದ್ದಲು ಬರೆದ ಉಪದೇಶದಲ್ಲಿ ಮೇಜು ಸಿಂಗರಿಸುವುದು, ಲಾರೆಲ್ ಎಲೆ ಕಟ್ಟುವುದು, ಒಲೆಯಲ್ಲಿಯ ಕೊರಡಿನ ಮೇಲೆ ಧಾನ್ಯವನ್ನೂ ದ್ರಾಕ್ಷಾರಸವನ್ನೂ ಸುರಿಯುವುದು, ಚಿಲುಮೆಗೆ ರೊಟ್ಟಿ ಹಾಕುವುದು, ಇವೆಲ್ಲವನ್ನೂ ಪಿಶಾಚಸೇವೆಯೆಂದು ಹಳಿದನು. ಇಂಥ ಪಟ್ಟಿಗಳನ್ನು ಒಬ್ಬ ಧರ್ಮಗುರುವಿನಿಂದ ಇನ್ನೊಬ್ಬನು ನಕಲು ಮಾಡಿಕೊಂಡುದೂ ಉಂಟು. ಆದಕಾರಣ ಇದ್ದುದನ್ನೆಲ್ಲ ಕಣ್ಣಾರೆ ಕಂಡ ವರದಿಯೆಂದು ನಂಬಲಾಗದು. ಆದರೂ ಕೊರಡಿನ ಮೇಲೆ ಸುರಿದ ಧಾನ್ಯದಂಥ ಸೂಕ್ಷ್ಮ ವಿವರವು ಯಾರೋ ಒಬ್ಬರು ಒಲೆಯ ಬಳಿ ನಿಂತು ಕಂಡ ಸಂಗತಿಯಾಗಿಯೇ ತೋರುತ್ತದೆ.

ಜನವರಿ ಮೊದಲ ದಿನ ಕೊಡುತ್ತಿದ್ದ ‘ಸ್ಟ್ರೇನಾ’ ಎಂಬ ಶುಭದ ಕಾಣಿಕೆಯ ಕಥೆ ಇನ್ನೂ ದೀರ್ಘವಾದುದು. ಅನ್ಯರು ಕಾಣಿಕೆ ಕೊಡಲಿ, ನೀವು ಭಿಕ್ಷೆ ಕೊಡಿರಿ ಎಂದು ಸಂತ ಅಗಸ್ಟೀನನು ತನ್ನ ಸಭಿಕರಿಗೆ ಬೋಧಿಸಿದ್ದನು. ಆ ಶಬ್ದವು ಫ್ರೆಂಚ್ ಭಾಷೆಯಲ್ಲಿ ‘ಏತ್ರೆನ್’ ಎಂದಾಗಿ ಇಂದಿಗೂ ಬಳಕೆಯಲ್ಲಿದೆ. ವರ್ಷಾಂತ್ಯದಲ್ಲಿ ಅಂಚೆಯವನಿಗೂ ಕಟ್ಟಡದ ಕಾವಲಿನವರಿಗೂ ಮನೆಯವರು ಕೈಯಲ್ಲಿಡುವ ಹಣಕ್ಕೆ ಆ ಹೆಸರು.